ಇಪ್ಪತ್ತಾರು ಎಕರೆಯ ಊರು

ನಮ್ಮ ಗೋಣಿಕೊಪ್ಪದ ಕಡೆ ಯಾರಾದರೂ 26 ಎಕರೆ ಎಂದರೆ ಕೇಳಿದವರ ಕಣ್ಣಿಗೆ ಒಂದು ತೋಟ ಕಟ್ಟುತ್ತದೆ. ತೀರಾ ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ರೊಬಸ್ಟಾ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಒಂದು ಕಣ, ಒಂದು ಕೆರೆ, ನಾಲ್ಕು ಲೈನ್ ಮನೆ, ತಗ್ಗಿನಲ್ಲಿ ಒಂದು ತುಂಡು ಗದ್ದೆ. ನಮ್ಮ ಪಕ್ಕದ ತೋಟ ಹೆಚ್ಚುಕಡಿಮೆ ಇಷ್ಟೇ ಇದೆ. ಬೇಲಿಯ ಗುಂಟ ಸುತ್ತಿ ಬರಲು ಇಪ್ಪತ್ತು ನಿಮಿಷ ಸಾಕು. ಆನೆ ಮುರಿದುಹೋದ ಜಾಗದಲ್ಲಿ ನಿಂತು ಮಾತಾಡಿದರೆ ಅರ್ಧ ಗಂಟೆ.

ಅರಬ್ಬಿ ಸಮುದ್ರದಲ್ಲಿ ಬಿತ್ರಾ ಎಂಬ ದ್ವೀಪವಿದೆ. ಲಕ್ಷದ್ವೀಪದ ಹತ್ತು ಜನವಸತಿ ದ್ವೀಪಗಳಲ್ಲಿ ಅತಿ ಚಿಕ್ಕದು. ಅದರ ನೆಲ 0.105 ಚದರ ಕಿಲೋಮೀಟರ್. ಈ ದಶಮಾಂಶವನ್ನು ಎಕರೆಗೆ ತಿರುಗಿಸಿದ ದಿನ ನಾನು ಲೆಕ್ಕ ತಪ್ಪಿರಬೇಕೆಂದು ಎರಡು ಸಲ ಮಾಡಿ ನೋಡಿದೆ. 26 ಎಕರೆ. ಪಕ್ಕದ ತೋಟ. ಅಷ್ಟರಲ್ಲಿ ಮನೆಗಳು, ಶಾಲೆ, ಮಸೀದಿ, ಗೋರಿಗಳ ಜಾಗ, ತೆಂಗಿನ ತೋಪು, ದೋಣಿ ಎಳೆದಿಡುವ ದಂಡೆ, ಎಲ್ಲವೂ ಬರಬೇಕು. 2011ರ ಜನಗಣತಿಯಲ್ಲಿ ಅಲ್ಲಿದ್ದವರು 271 ಮಂದಿ. ಉದ್ದ 570 ಮೀಟರ್, ಅತಿ ಅಗಲವಾದ ಕಡೆ 280 ಮೀಟರ್. ಗೋಣಿಕೊಪ್ಪದ ಬಸ್ ನಿಲ್ದಾಣದಿಂದ ಪೊನ್ನಂಪೇಟೆ ರಸ್ತೆ ಹಿಡಿದು ಏಳು ನಿಮಿಷ ನಡೆದರೆ ಬಿತ್ರಾ ಮುಗಿದು ಕಡಲು ಶುರುವಾಗುತ್ತದೆ. ಕುಶಾಲನಗರದ ಕಾವೇರಿ ನಿಸರ್ಗಧಾಮಕ್ಕೆ ತೂಗುಸೇತುವೆ ದಾಟಿ ಹೋಗದ ಕೊಡಗಿನವರು ಯಾರಿದ್ದೇವೆ? ಆ ನದಿನಡುಗಡ್ಡೆ 64 ಎಕರೆ. ಬಿತ್ರಾ ಅದರ ಅರ್ಧಕ್ಕೂ ಕಡಿಮೆ.

ಆ ಲೆಕ್ಕದ ನಂತರ ಲಕ್ಷದ್ವೀಪದ ಅಂಕಿಗಳನ್ನೆಲ್ಲ ಕೊಡಗಿನ ಅಳತೆಗೋಲಿನಲ್ಲಿ ಅಳೆಯುವುದು ನನಗೆ ಒಂದು ಗೀಳೇ ಆಯಿತು. 36 ದ್ವೀಪಗಳ ನೆಲವೆಲ್ಲ ಸೇರಿ 32 ಚದರ ಕಿ.ಮೀ., ಅಂದರೆ 7,900 ಎಕರೆ. ತಿತಿಮತಿ ದಾಟಿದರೆ ಸಿಗುವ ನಮ್ಮ ನಾಗರಹೊಳೆ ರಾಷ್ಟ್ರೀಯ ಉದ್ಯಾನವೇ 643 ಚದರ ಕಿ.ಮೀ.; ಅದರೊಳಗೆ ಲಕ್ಷದ್ವೀಪದ ಇಡೀ ನೆಲವನ್ನು ಇಪ್ಪತ್ತು ಸಲ ಹಾಸಬಹುದು. ಆ 32 ಚದರ ಕಿ.ಮೀ.ಯಲ್ಲಿ 2011ರಲ್ಲಿ ಇದ್ದವರು 64,473 ಜನ, ಮಡಿಕೇರಿಯಂಥ ಎರಡು ಪಟ್ಟಣಗಳಷ್ಟು. ಚದರ ಕಿ.ಮೀ.ಗೆ ಎರಡು ಸಾವಿರಕ್ಕೂ ಹೆಚ್ಚು. ಕೊಡಗಿನಲ್ಲಿ 135. ಕೊಡಗೂ ಅಷ್ಟೇ ಒತ್ತಾಗಿ ತುಂಬಿದ್ದರೆ ಇಲ್ಲಿ 5 ಲಕ್ಷದ 54 ಸಾವಿರದ ಬದಲು 82 ಲಕ್ಷ ಜನ ಇರಬೇಕಿತ್ತು. ಆ ವರ್ಷ ಬೆಂಗಳೂರು ಮಹಾನಗರದಲ್ಲಿ ಇದ್ದವರು 84 ಲಕ್ಷ. ಭಾಗಮಂಡಲದಿಂದ ಕುಟ್ಟದವರೆಗೆ, ಸಂಪಾಜೆಯಿಂದ ಶನಿವಾರಸಂತೆಯವರೆಗೆ ಬೆಂಗಳೂರನ್ನು ಹರಡಿ ನೋಡಿ.

ಇಲ್ಲಿಯವರೆಗಿನದು ಇಕ್ಕಟ್ಟಿನ ಲೆಕ್ಕ. ನಾನು ಬೆರಗಾದದ್ದು ಇದರ ಮುಂದಿನದಕ್ಕೆ.

ಹವಳದ ದ್ವೀಪವೆಂದರೆ ಬರೀ ನೆಲವಲ್ಲ. ಹವಳದ ದಿಬ್ಬ ಉಂಗುರದಂತೆ ಸುತ್ತಿರುತ್ತದೆ. ಅದರ ಹೊರಗೆ ಕಪ್ಪುನೀಲಿ ಆಳಕಡಲು, ಒಳಗೆ ತಿಳಿಹಸಿರಾದ, ಆಳವಿಲ್ಲದ, ತೆರೆ ಸತ್ತ ನೀರು. ಅದೇ ಲಗೂನು. ಉಂಗುರದ ಅಂಚಿನಲ್ಲಿ ಮರಳು ನಿಂತ ಕಡೆ ಮಾತ್ರ ಊರು. ಬಿತ್ರಾದ ನೆಲ 0.105 ಚದರ ಕಿ.ಮೀ. ಆದರೆ ಲಗೂನು 45.61 ಚದರ ಕಿ.ಮೀ., ನೆಲದ 430 ಪಟ್ಟು. ಲಕ್ಷದ್ವೀಪದ ಲಗೂನುಗಳೆಲ್ಲ ಸೇರಿ ಸುಮಾರು 4,200 ಚದರ ಕಿ.ಮೀ. ಆಗುತ್ತವೆ. ಕೊಡಗು ಜಿಲ್ಲೆ 4,102. ನಮ್ಮ ಇಡೀ ಜಿಲ್ಲೆಯನ್ನು, ತಡಿಯಂಡಮೋಳ್ ಬುಡದಿಂದ ಹಾರಂಗಿ ಹಿನ್ನೀರಿನವರೆಗೆ, ಎತ್ತಿ ಆ ಹಸಿರು ನೀರಿನ ಮೇಲೆ ಹಾಸಿದರೂ 98 ಚದರ ಕಿ.ಮೀ. ಉಳಿಯುತ್ತದೆ. ಆ ಉಳಿದದ್ದೇ ಲಕ್ಷದ್ವೀಪದ ನೆಲದ ಮೂರು ಪಟ್ಟು.

ಮೀನುಗಾರಿಕೆ ಶುರುವಾಗುವುದು ಆ ಲಗೂನಿನಲ್ಲಿ. ಟ್ಯೂನಾ ಹಿಡಿಯಲು ಹೊರಕಡಲಿಗೆ ಹೋಗುವ ದೋಣಿಗಳು ಮೊದಲು ಒಳಗಿನ ನೀರಿನಲ್ಲಿ ಬೆರಳುದ್ದದ ಮರಿಮೀನುಗಳನ್ನು ಹಿಡಿದು, ದೋಣಿಯ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಳ್ಳುತ್ತವೆ. ಹೊರಗೆ ಟ್ಯೂನಾ ಹಿಂಡು ಕಂಡಾಗ ಆ ಮರಿಗಳನ್ನು ನೀರಿಗೆ ಎರಚುತ್ತಾರೆ. ಹಿಂಡು ಕುದಿಯುವಂತೆ ಮೇಲೇಳುತ್ತದೆ. ದೋಣಿಯ ಹಿಂಬದಿಗೆ ಸಾಲಾಗಿ ನಿಂತವರು ಗಳದ ತುದಿಯ ಕೊಕ್ಕೆಯಲ್ಲಿ ಒಂದೊಂದೇ ಮೀನನ್ನು ಬೆನ್ನ ಹಿಂದಕ್ಕೆ ಎಸೆಯುತ್ತಾರೆ. ಬಲೆಯಿಲ್ಲ. ಬೇಡದ ಮೀನು ಸಾಯುವುದು ತೀರಾ ಕಡಿಮೆ. ಲಗೂನು ಕೆಟ್ಟರೆ ಮರಿಮೀನಿಲ್ಲ, ಮರಿಮೀನಿಲ್ಲದಿದ್ದರೆ ಟ್ಯೂನಾ ಇಲ್ಲ. ನಮ್ಮಲ್ಲಿ ಗದ್ದೆಗೆ ಬಾಣೆ ಹೇಗೋ ಹಾಗೆ ಅಲ್ಲಿ ಹೊರಕಡಲಿಗೆ ಲಗೂನು: ಸೊಪ್ಪು, ಸೌದೆ, ನೆರಳು, ನೀರು ಎಲ್ಲದರ ಮೂಲ.

ಅದರಾಚೆ ಇನ್ನೂ ದೊಡ್ಡದಿದೆ. 1982ರ ವಿಶ್ವಸಂಸ್ಥೆಯ ಕಡಲ ಕಾನೂನಿನ ಒಡಂಬಡಿಕೆಯ ಪ್ರಕಾರ ಒಂದು ದೇಶದ ದಡದಿಂದ 200 ನಾಟಿಕಲ್ ಮೈಲಿ, ಸುಮಾರು 370 ಕಿ.ಮೀ.ವರೆಗಿನ ಕಡಲ ಸಂಪತ್ತಿನ ಹಕ್ಕು ಆ ದೇಶದ್ದು. ಲಕ್ಷದ್ವೀಪದಿಂದಾಗಿ ಭಾರತಕ್ಕೆ ಸಿಕ್ಕಿರುವ ಇಂಥ ಕಡಲು ಸುಮಾರು 4 ಲಕ್ಷ ಚದರ ಕಿ.ಮೀ. ಕರ್ನಾಟಕ ರಾಜ್ಯದ ವಿಸ್ತೀರ್ಣ 1,91,791. ಅಂದರೆ ಎರಡು ಕರ್ನಾಟಕ. ತಲೆಗೆ ಹಂಚಿದರೆ ಒಬ್ಬೊಬ್ಬ ದ್ವೀಪವಾಸಿಯ ಪಾಲಿಗೆ ಆರು ಚದರ ಕಿ.ಮೀ., ಸುಮಾರು 1,500 ಎಕರೆ ಕಡಲು. ಮನೆ ಕಟ್ಟಲು ಐದು ಸೆಂಟು ಜಾಗಕ್ಕೆ ಪರದಾಡುವ ಮನುಷ್ಯನೇ ದೇಶದ ನೀಲಿ ಭೂಪಟದಲ್ಲಿ 1,500 ಎಕರೆಯ ಕಾವಲುಗಾರ.

ಅದೇ ಒಡಂಬಡಿಕೆಯ 121ನೇ ವಿಧಿಯಲ್ಲಿ ಒಂದು ಮಾತಿದೆ. ಮನುಷ್ಯ ವಾಸಕ್ಕೂ ತನ್ನದೇ ಆರ್ಥಿಕ ಬದುಕಿಗೂ ಆಧಾರವಾಗಲಾರದ ಬಂಡೆಗಳಿಗೆ ಈ 200 ಮೈಲಿಯ ಹಕ್ಕು ಇಲ್ಲ. ಕಡಲ ನಡುವೆ ಒಂಟಿಯಾಗಿ ನಿಂತ, ಜನ ಬಾಳಬಲ್ಲ ಒಂದು ಸಣ್ಣ ದ್ವೀಪ ತನ್ನ ಸುತ್ತ ಬರೆಯುವ ವೃತ್ತದ ವಿಸ್ತೀರ್ಣ 4 ಲಕ್ಷದ 30 ಸಾವಿರ ಚದರ ಕಿ.ಮೀ. ಜನ ಬಾಳಲಾಗದ ಬಂಡೆಯಾದರೆ ಆ ವೃತ್ತವೇ ಇಲ್ಲ. ಲೋಕದ ಕಡಲ ಕಾನೂನು ನೆಲವನ್ನು ಅಳೆಯುವಾಗ ಎಕರೆ ಕೇಳುವುದಿಲ್ಲ, ಅಲ್ಲಿ ಮನುಷ್ಯ ಬದುಕಬಲ್ಲನೇ ಎಂದು ಕೇಳುತ್ತದೆ. ಅಭಿವೃದ್ಧಿಯ ನೀತಿ ಬರೆಯುವವರೂ ಅದನ್ನೇ ಮೊದಲು ಕೇಳಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಈ ದ್ವೀಪಗಳಿಗೂ ಕನ್ನಡ ನಾಡಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಬಿತ್ರಾ, ಚೆತ್ಲಾತ್, ಕಿಲ್ತಾನ್, ಕದ್ಮತ್, ಅಮಿನಿ ಎಂಬ ಐದು ಉತ್ತರದ ದ್ವೀಪಗಳನ್ನು ಅಮಿನಿದಿವಿ ಎಂದು ಕರೆಯುತ್ತಿದ್ದರು. 1780ರ ದಶಕದಲ್ಲಿ ಅಮಿನಿಯ ಕೆಲವರು ಮಂಗಳೂರಿಗೆ ಬಂದು, ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆ ಸಾಕಾಗಿದೆ, ನೀವೇ ನೋಡಿಕೊಳ್ಳಿ ಎಂದು ಟಿಪ್ಪುವನ್ನು ಕೇಳಿದರು. ದ್ವೀಪಗಳು ಟಿಪ್ಪುವಿನ ಕೈಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈಸ್ಟ್ ಇಂಡಿಯಾ ಕಂಪನಿಯ ಪಾಲಾದವು. ಅಲ್ಲಿಂದ 1956ರವರೆಗೆ, ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ, ಅವುಗಳ ಆಡಳಿತ ನಡೆದದ್ದು ಮಂಗಳೂರಿನಿಂದ. ದಕ್ಷಿಣ ಕನ್ನಡದ ಕಲೆಕ್ಟರೇ ಅವರಿಗೂ ಕಲೆಕ್ಟರ್. ಅಮಿನಿಯಲ್ಲಿ ಮೊನೆಗಾರ್ ಎಂಬ ಒಬ್ಬ ಅಧಿಕಾರಿ.

ಆ ಕಾಲದ ನೀತಿಯೆಂದರೆ ನಾರು. ತೆಂಗಿನ ಸಿಪ್ಪೆಯನ್ನು ಲಗೂನಿನ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಹೂತು ನೆನೆಸಿ, ಹೆಂಗಸರು ಮರದ ಕೊಡತಿಯಿಂದ ಬಡಿದು, ತೊಡೆಯ ಮೇಲೆ ಹೊಸೆದ ಹುರಿ. ಅದನ್ನು ಸರ್ಕಾರಕ್ಕೇ ಕೊಡಬೇಕು. ಬೆಲೆ ಸರ್ಕಾರದ್ದು. ಬದಲಿಗೆ ಅಕ್ಕಿ. ಪೇಟೆಯಲ್ಲಿ ನಾರಿನ ಬೆಲೆ ಏರಿದರೆ ಆ ಏರಿಕೆ ದ್ವೀಪ ಮುಟ್ಟುತ್ತಿರಲಿಲ್ಲ. ಇನ್ನೊಂದು ಕಟ್ಟಳೆ ಇಲಿಯದು. ತೆಂಗಿನ ಗರಿಯಲ್ಲಿ ಗೂಡು ಕಟ್ಟಿ ಎಳನೀರು ತೂತು ಮಾಡುವ ಇಲಿಗಳನ್ನು ಹೊಡೆಯಲು ಊರ ಗಂಡಸರೆಲ್ಲ ಒಟ್ಟಾಗಿ ಬರಬೇಕು. ನನಗಂತೂ ನಾರಿನ ನೀತಿಗಿಂತ ಇಲಿಯ ನೀತಿಯೇ ಊರನ್ನು ಅರಿತು ಮಾಡಿದ್ದು ಅನ್ನಿಸುತ್ತದೆ. ಅದರ ಲಾಭ ಊರಲ್ಲೇ ಉಳಿಯುತ್ತಿತ್ತು.

ದಕ್ಷಿಣದ ದ್ವೀಪಗಳಲ್ಲಿ ಒಂದು ನೆರವು ಹೇಗೆ ತಿರುಗಿಬಿತ್ತು ಎನ್ನುವುದನ್ನೂ ಇಲ್ಲಿ ಹೇಳಿಬಿಡುತ್ತೇನೆ. 1847ರಲ್ಲಿ ಭಾರೀ ಚಂಡಮಾರುತ ಬೀಸಿತು. ಆಂದ್ರೋತ್ ದ್ವೀಪದ ಜನರ ಅಗತ್ಯ ಪೂರೈಸಲು ಆ ದ್ವೀಪಗಳನ್ನು ಆಳುತ್ತಿದ್ದ ಅರಸನ ಕೈಯಲ್ಲಿ ಹಣವಿರಲಿಲ್ಲ. ಕಂಪನಿ ಸಾಲ ಕೊಟ್ಟಿತು. ಬಡ್ಡಿ ಬೆಳೆಯಿತು. 1854ರ ಹೊತ್ತಿಗೆ ಸಾಲ ತೀರದೆ ಉಳಿದ ದ್ವೀಪಗಳ ಆಡಳಿತವೂ ಕಂಪನಿಗೆ ಹೋಯಿತು. ಪರಿಹಾರದ ಹಣಕ್ಕೆ ಬಡ್ಡಿ ಹಾಕಿ ಏಳೇ ವರ್ಷದಲ್ಲಿ ದ್ವೀಪಗಳನ್ನು ಪಡೆದುಕೊಂಡ ಕಥೆ ಇದು.

1956ರ ನವೆಂಬರ್ 1 ನಮಗೆ ರಾಜ್ಯೋತ್ಸವ. ಆ ಒಂದೇ ದಿನ ಕೊಡಗು ತನ್ನ ರಾಜ್ಯದ ಸ್ಥಾನ ಬಿಟ್ಟು ಮೈಸೂರು ರಾಜ್ಯ ಸೇರಿತು. ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಯಿತು. ಅದೇ ದಿನ ಅಮಿನಿದಿವಿ ದಕ್ಷಿಣ ಕನ್ನಡದಿಂದ ಕಳಚಿ ಹೊಸ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿತು. ಕಾಸರಗೋಡಿಗಾಗಿ ಕಯ್ಯಾರ ಕಿಞ್ಞಣ್ಣ ರೈಗಳಂಥವರು ಬದುಕಿಡೀ ಹೋರಾಡಿದರು. ಅಮಿನಿದಿವಿಯವರ ಮಾತು ಮಲಯಾಳದ ಬಗೆಯದ್ದು, ಅವರನ್ನು ಕನ್ನಡದವರೆಂದು ನಾವು ಹಕ್ಕು ಸಾಧಿಸಬೇಕಿಲ್ಲ. ಆದರೂ 150 ವರ್ಷ ಕನ್ನಡ ನಾಡಿನದೇ ಜಿಲ್ಲೆಯೊಂದರ ಗ್ರಾಮಗಳಾಗಿದ್ದ ಐದು ದ್ವೀಪಗಳ ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲ ಎನ್ನುವುದು ನನಗೆ ನೋವಿನ ಸಂಗತಿ.

ಬಿತ್ರಾಕ್ಕೆ ಜನ ಬಂದದ್ದೇ ಆ ಮಂಗಳೂರಿನ ಕಾಲದಲ್ಲಿ. ಅದುವರೆಗೆ ಅದು ಕಡಲಹಕ್ಕಿಗಳು ಮೊಟ್ಟೆಯಿಡುವ ದಿಬ್ಬ. 1945ರಲ್ಲಿ ಚೆತ್ಲಾತಿನ ಒಬ್ಬ ಹೆಂಗಸು ತನ್ನ ಮಗನನ್ನು ಕರೆದುಕೊಂಡು ಬಂದು ಅಲ್ಲಿ ನೆಲೆ ನಿಂತಳು. ಇಬ್ಬರು. ಮಳೆಗಾಲದಲ್ಲಿ ದೋಣಿ ಓಡದ ತಿಂಗಳುಗಳಲ್ಲಿ ಆ 26 ಎಕರೆಯಲ್ಲಿ ತಾಯಿ, ಮಗ, ಸಾವಿರಾರು ಹಕ್ಕಿಗಳು. ಎರಡರಿಂದ 271ಕ್ಕೆ ಬರಲು ಅರವತ್ತಾರು ವರ್ಷ ಹಿಡಿಯಿತು.

ಸಣ್ಣ ಊರಿನ ದನಿಯ ಲೆಕ್ಕವನ್ನೂ ನೋಡೋಣ. 1951ರಲ್ಲಿ ಕೊಡಗು ರಾಜ್ಯದ ಜನಸಂಖ್ಯೆ 2 ಲಕ್ಷ 29 ಸಾವಿರ. ಮರುವರ್ಷ ಚುನಾವಣೆ ನಡೆದಾಗ ವಿಧಾನಸಭೆಗೆ 24 ಶಾಸಕರು ಬಂದರು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಸುಮಾರು ಒಂಬತ್ತೂವರೆ ಸಾವಿರ ಜನಕ್ಕೆ ಒಬ್ಬ ಶಾಸಕ. ಈಗ ಮಡಿಕೇರಿ ಮತ್ತು ವಿರಾಜಪೇಟೆ, ಎರಡೇ ಕ್ಷೇತ್ರ. 2 ಲಕ್ಷ 77 ಸಾವಿರ ಜನಕ್ಕೆ ಒಬ್ಬರು. ಲೋಕಸಭೆಯಲ್ಲಿ ನಾವು ಮೈಸೂರಿನ ಜೊತೆ. ಆ ಕ್ಷೇತ್ರದಲ್ಲಿ ಮತದಾರರು 20 ಲಕ್ಷದ ಮೇಲೆ. ಲಕ್ಷದ್ವೀಪಕ್ಕೆ 2024ರಲ್ಲಿ ಸುಮಾರು 57 ಸಾವಿರ ಮತದಾರರಿಗೆ ತಮ್ಮದೇ ಒಬ್ಬ ಸಂಸದ. ಜನಸಂಖ್ಯೆಯ ತಕ್ಕಡಿಯಲ್ಲಿ ಇದು ಅಸಮ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಣ್ಣ ಊರಿಗೆ ತನ್ನದೇ ದನಿಯಿದ್ದಾಗ ಏನಾಗುತ್ತದೆ, ಅದು ದೊಡ್ಡ ಸಂಖ್ಯೆಯಲ್ಲಿ ಕರಗಿದಾಗ ಏನಾಗುತ್ತದೆ ಎರಡನ್ನೂ ಕೊಡಗು ಕಂಡಿದೆ. 2011ರಲ್ಲಿ ಕೊಡವ ತಕ್ಕ್ ತಮ್ಮ ಮಾತೃಭಾಷೆ ಎಂದು ಬರೆಸಿದವರು 1,13,857 ಜನ. ದೇಶದ ಕೋಟಿ ಜನರಲ್ಲಿ 940. ಲಕ್ಷದ್ವೀಪದವರು ಕೋಟಿಗೆ 533. ಬಿತ್ರಾದವರು ಕೋಟಿಗೆ ಇಬ್ಬರು.

ತಲಾ ಲೆಕ್ಕದ ಮೋಸ ಇಲ್ಲೇ ಇದೆ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಕಡಲತಳದಲ್ಲಿ ಎಳೆದ ಆಪ್ಟಿಕಲ್ ಕೇಬಲ್ 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು. ವೆಚ್ಚ 1,072 ಕೋಟಿ ರೂಪಾಯಿ. ಜನಕ್ಕೆ ಹಂಚಿದರೆ ಒಬ್ಬೊಬ್ಬರಿಗೆ 1 ಲಕ್ಷ 66 ಸಾವಿರ. ಆ ಅಂಕಿಯನ್ನು ಬರಿದೇ ಕೇಳಿದರೆ ಯಾರಿಗಾದರೂ ದುಂದು ಅನ್ನಿಸುತ್ತದೆ. ಆದರೆ ಅಲ್ಲಿ ಕೇಬಲ್ಲೇ ಹೆದ್ದಾರಿ, ಅದೇ ಆಸ್ಪತ್ರೆಗೆ ದಾರಿ, ಅದೇ ಬ್ಯಾಂಕು. ಹತ್ತು ಮನೆಯ ಊರಿಗೂ ಸೇತುವೆಯ ಉದ್ದ ಹೊಳೆಯ ಅಗಲದಷ್ಟೇ ಇರಬೇಕು. ಮನೆ ಹತ್ತೇ ಇವೆ ಎಂದು ಅರ್ಧ ಸೇತುವೆ ಕಟ್ಟಲಾಗುವುದಿಲ್ಲ.

ನೀರಿನ ವಿಷಯಕ್ಕೆ ಬಂದರೆ ಅಂಕಿಗಳು ಮೈ ನಡುಗಿಸುತ್ತವೆ. ಈ ದ್ವೀಪಗಳು ಹೆಚ್ಚಿನ ಕಡೆ ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರ್ ಎತ್ತರ. ನಮ್ಮ ಕಪಾತು ಮಾಡಿದ ರೊಬಸ್ಟಾ ಗಿಡದಷ್ಟು. ಹೊಳೆ ಇಲ್ಲ, ತೊರೆ ಇಲ್ಲ. ಬಿದ್ದ ಮಳೆ ಹವಳದ ಮರಳಿನಲ್ಲಿ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತದೆ, ಸಾರಿನ ಮೇಲೆ ಎಣ್ಣೆ ನಿಂತಂತೆ. ಸಿಹಿನೀರು ಕಡಲಮಟ್ಟಕ್ಕಿಂತ ಒಂದು ಅಂಗುಲ ಮೇಲೆ ನಿಂತರೆ ಕೆಳಗೆ ನಲವತ್ತು ಅಂಗುಲ ಇರುತ್ತದೆ ಎನ್ನುವುದು ಭೂಜಲ ವಿಜ್ಞಾನದ ಹಳೆಯ ಸೂತ್ರ. ಇದನ್ನು ತಿರುಗಿಸಿ ಓದಿ: ಮೋಟರ್ ಹಾಕಿ ಮೇಲಿನ ಒಂದು ಅಂಗುಲ ಎಳೆದರೆ ಕೆಳಗಿನಿಂದ ಉಪ್ಪು ನಲವತ್ತು ಅಂಗುಲ ಏರಿಬರುತ್ತದೆ. ಕೊಡಪಾನ ಇಳಿಸಿ ಸೇದಿದ ಬಾವಿ ತಲೆಮಾರುಗಟ್ಟಲೆ ಬಾಳುತ್ತದೆ. ಅದೇ ಬಾವಿಗೆ ಪಂಪ್ ಇಳಿಸಿದರೆ ಬೇಗನೆ ಉಪ್ಪಾಗುತ್ತದೆ. ಬೋರ್‌ವೆಲ್ ಕೊರೆದಂತೆಲ್ಲ ತೋಡಿನ ನೀರು ಸೊರಗುವುದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದಕ್ಕೆ 2005ರಲ್ಲಿ ಕವರತ್ತಿ ದ್ವೀಪದಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕಟ್ಟಿದ ಸ್ಥಾವರವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಹವಳದ ದ್ವೀಪದ ಅಂಚು ಬಾವಿಯ ಗೋಡೆಯಂತೆ ಕಡಿದಾಗಿ ಇಳಿಯುತ್ತದೆ. ದಡದ ಹತ್ತಿರವೇ 350 ಮೀಟರ್ ಆಳ ಸಿಗುತ್ತದೆ. ಅಲ್ಲಿನ ನೀರು ಸುಮಾರು 12 ಡಿಗ್ರಿ, ಮೇಲಿನದು 28 ಡಿಗ್ರಿ. ಮೇಲಿನ ಬೆಚ್ಚಗಿನ ನೀರನ್ನು ಗಾಳಿ ತೆಗೆದ ತೊಟ್ಟಿಗೆ ಬಿಟ್ಟರೆ ಒಲೆಯಿಲ್ಲದೆ ಆವಿಯಾಗುತ್ತದೆ. ಕೆಳಗಿನ ತಣ್ಣೀರು ಹರಿಯುವ ಕೊಳವೆಗೆ ಆ ಆವಿ ತಗುಲಿ ಸಿಹಿನೀರಾಗಿ ಇಳಿಯುತ್ತದೆ, ಅಕ್ಕಿ ಬೇಯುವ ಪಾತ್ರೆಯ ಮುಚ್ಚಳದ ಹನಿಯಂತೆ. ದಿನಕ್ಕೆ 1 ಲಕ್ಷ ಲೀಟರ್. ಆಗಲೇ ಕವರತ್ತಿಯಲ್ಲಿ ಇದ್ದವರು ಹನ್ನೊಂದು ಸಾವಿರದ ಆಸುಪಾಸು. ತಲೆಗೆ ಒಂಬತ್ತು ಲೀಟರ್. ಕುಡಿಯಲು, ಅಡುಗೆಗೆ. ಆ ಒಂಬತ್ತು ಲೀಟರಿನಿಂದ ಬಾವಿಗಳ ಮೇಲಿನ ಭಾರ ಇಳಿಯಿತು. 2011ರಲ್ಲಿ ಅಗತ್ತಿಗೂ ಮಿನಿಕಾಯ್‌ಗೂ ಅದೇ ಬಂತು, ಆಮೇಲೆ ಇತರ ದ್ವೀಪಗಳಿಗೆ. ಆ ಊರಿನ ಆಳವನ್ನೂ ಬಿಸಿಲನ್ನೂ ನೋಡಿ ಹುಟ್ಟಿದ ಯೋಜನೆ ಅದು.

ಲೋಕದ ಬೇರೆ ದ್ವೀಪಗಳೂ ಅಳತೆಗೋಲನ್ನು ತಿರುಗಿಸಿಯೇ ಗೆದ್ದಿವೆ. ಶಾಂತಸಾಗರದ ಕಿರಿಬಾಸ್ ದೇಶದ ನೆಲ 811 ಚದರ ಕಿ.ಮೀ., ಕೊಡಗಿನ ಐದನೇ ಒಂದು ಪಾಲು. ಅದರ ಕಡಲು 34 ಲಕ್ಷ ಚದರ ಕಿ.ಮೀ.ಗೂ ಹೆಚ್ಚು, ಭಾರತದ ಒಟ್ಟು ನೆಲಕ್ಕಿಂತ ದೊಡ್ಡದು. ಕಿರಿಬಾಸ್, ತುವಾಲು, ನೌರು ಮುಂತಾದ ಎಂಟು ದೇಶಗಳು ನೌರು ಒಪ್ಪಂದದಲ್ಲಿ ಒಂದಾಗಿ, ದೊಡ್ಡ ದೇಶಗಳ ಟ್ಯೂನಾ ಹಡಗುಗಳಿಗೆ ದಿನದ ಲೆಕ್ಕದಲ್ಲಿ ಶುಲ್ಕ ಹಾಕತೊಡಗಿದವು. ಒಂದು ಹಡಗು ಒಂದು ದಿನ ಮೀನು ಹಿಡಿಯಲು ಕನಿಷ್ಠ 8,000 ಡಾಲರ್. 2010ರಲ್ಲಿ 6 ಕೋಟಿ ಡಾಲರಿನಷ್ಟಿದ್ದ ಅವರ ಆದಾಯ ಹತ್ತು ವರ್ಷದೊಳಗೆ ಸುಮಾರು 50 ಕೋಟಿ ಮುಟ್ಟಿತು. ನೆಲ ಒಂದು ಸೆಂಟು ಹೆಚ್ಚಲಿಲ್ಲ.

ನಮ್ಮಲ್ಲಿ ದ್ವೀಪಗಳ ವಿಷಯದಲ್ಲಿ ನೀತಿಗಳಿಗೆ ಬರವಿಲ್ಲ. 1986ರಲ್ಲಿ ದ್ವೀಪಾಭಿವೃದ್ಧಿ ಪ್ರಾಧಿಕಾರ ಬಂತು. 2012ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಸಮಿತಿ ನೇಮಿಸಿತು. ಕರ್ನಾಟಕ ಹೈಕೋರ್ಟಿನಲ್ಲಿ ಕೂತು ಹೋದವರು ಅವರು. 2017ರಲ್ಲಿ ನೀತಿ ಆಯೋಗ ದೇಶದ ಹತ್ತು ದ್ವೀಪಗಳನ್ನು ಪ್ರವಾಸೋದ್ಯಮಕ್ಕೆ ಆರಿಸಿತು. 2021ರ ಕರಡು ಕಾನೂನಿನಲ್ಲಿ ಯಾವ ಜಾಗವನ್ನಾದರೂ ಯೋಜನೆಗೆಂದು ಪಡೆಯುವ ಅಧಿಕಾರ ಕೇಳಿದಾಗ ದ್ವೀಪಗಳು ಒಕ್ಕೊರಲಿನಿಂದ ಎದ್ದು ನಿಂತವು. ಅಲ್ಲಿನ ನೆಲದ ಹಕ್ಕಿನ ಕಥೆ ನಮ್ಮ ಜಮ್ಮಾ ಭೂಮಿಯದಷ್ಟೇ ಗೋಜಲು. ಅಲ್ಲಿಯೂ ಜನ್ಮದ ನೆಲ ಒಂದು, ಪಂಡಾರ ಎಂಬ ಸರ್ಕಾರಿ ನೆಲ ಇನ್ನೊಂದು. ತಲೆಮಾರುಗಳಿಂದ ತೆಂಗು ನೆಟ್ಟು ಬದುಕಿದವರು ಪಂಡಾರದ ದಾಖಲೆಯಲ್ಲಿ ಒಡೆಯರಲ್ಲ. ಜಮ್ಮಾ ಬಾಣೆಯ ಪಹಣಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆದವರಿಗೆ ಆ ಸಂಕಟ ಅರ್ಥವಾಗುತ್ತದೆ.

2025ರ ಜುಲೈನಲ್ಲಿ ಲಕ್ಷದ್ವೀಪ ಆಡಳಿತ ಬಿತ್ರಾದ ಬಗ್ಗೆ ಒಂದು ಅಧಿಸೂಚನೆ ಹೊರಡಿಸಿತು. ದ್ವೀಪದ ಇಡೀ ನೆಲವನ್ನು ರಕ್ಷಣಾ ಉದ್ದೇಶಕ್ಕೆ ಪಡೆಯುವ ಸಲುವಾಗಿ ಸಾಮಾಜಿಕ ಪರಿಣಾಮದ ಅಧ್ಯಯನ ಎಂದು. ಜನ ವಿರೋಧಿಸಿದರು, ಅಲ್ಲಿನ ಸಂಸದರೂ ಜೊತೆ ನಿಂತರು. ದೇಶದ ರಕ್ಷಣೆ ಎಂದರೆ ಕೊಡಗಿನವರ ಎದೆ ತಟ್ಟುವ ಮಾತು. ಇಲ್ಲಿ ಹಲವು ಮನೆಗಳ ಗೋಡೆಯ ಮೇಲೆ ಸಮವಸ್ತ್ರದ ಫೋಟೋ ಇದೆ. ಆ ಹೆಮ್ಮೆ ಇಟ್ಟುಕೊಂಡೇ ನಾನು ಹೇಳುತ್ತೇನೆ: ಕೋಟಿಗೆ ಇಬ್ಬರು ಎಂಬ ಲೆಕ್ಕದಲ್ಲಿ ಅದು ಬಹಳ ಸಣ್ಣ ಸ್ಥಳಾಂತರ. ಬಿತ್ರಾದ ಲೆಕ್ಕದಲ್ಲಿ ನೂರಕ್ಕೆ ನೂರು. ನಾಗರಹೊಳೆ ಕಾಡಿನಿಂದ ಹುಣಸೂರಿನ ನಾಗಾಪುರಕ್ಕೆ ಬಂದ ಜೇನುಕುರುಬರನ್ನು ನಾನು ನೋಡಿದ್ದೇನೆ. ಎಕರೆಗೆ ಎಕರೆ ಕೊಡಬಹುದು. ದೇವರಿದ್ದ ಮರಕ್ಕೆ ಬದಲಿ ಮರ ಯಾವ ಸರ್ವೆ ನಂಬರಿನಲ್ಲೂ ಇಲ್ಲ. ಬಿತ್ರಾದವರಿಗೆ ಬೇರೆ ದ್ವೀಪದಲ್ಲಿ 26 ಎಕರೆ ಹುಡುಕುವುದೇ ಕಷ್ಟ. ಸಿಕ್ಕಿದರೂ 45 ಚದರ ಕಿ.ಮೀ. ಲಗೂನನ್ನು ಎಲ್ಲಿಂದ ತರುವುದು?

ಬಂಗಾರಂ ದ್ವೀಪದ ಬಳಿ ಪರಳಿ ಎಂಬ ಪುಟ್ಟ ದ್ವೀಪವಿತ್ತು. ಜನವಸತಿ ಇರಲಿಲ್ಲ. 1968ರಲ್ಲಿ ಅದರ ವಿಸ್ತೀರ್ಣ 0.032 ಚದರ ಕಿ.ಮೀ., ಎಂಟು ಎಕರೆ. 2017ರ ಹೊತ್ತಿಗೆ ಕೊರೆತಕ್ಕೆ ಸಿಕ್ಕಿ ಪೂರಾ ಮುಳುಗಿತ್ತು. ಎಂಟು ಎಕರೆ ಹೋದದ್ದು ಯಾವ ಪತ್ರಿಕೆಗೂ ದೊಡ್ಡ ಸುದ್ದಿಯಲ್ಲ. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತ ಗುಡ್ಡಗಳು ಜಾರಿದಾಗ ಎಂಟು ಎಕರೆ ಹೋದ ಮನೆಯವರ ಮುಖ ನೋಡಿದ ನನಗೆ ಅದು ಸಣ್ಣ ಅಂಕಿಯಾಗಿ ಕಾಣುವುದಿಲ್ಲ.

ಹಿಂದೊಮ್ಮೆ ಮೇ ತಿಂಗಳಲ್ಲಿ ಮಂಗಳೂರಿನ ಹಳೆ ಬಂದರಿಗೆ ಹೋಗಿದ್ದೆ. ದ್ವೀಪಕ್ಕೆ ಹೋಗುವ ಮಂಜಿಯೊಂದು ದಕ್ಕೆಗೆ ತಾಗಿ ನಿಂತಿತ್ತು. ಈರುಳ್ಳಿ ಮೂಟೆ, ಬೆಲ್ಲ, ಸಿಮೆಂಟು, ಕಬ್ಬಿಣದ ಸರಳು, ಇಟ್ಟಿಗೆ. ಮಳೆಗಾಲ ಹಿಡಿಯುವ ಮೊದಲು ಇನ್ನೊಂದು ಸಲ ಹೋಗಿಬರಬೇಕು, ಆಮೇಲೆ ಸೆಪ್ಟೆಂಬರ್ ತನಕ ಇಲ್ಲ ಎಂದು ಮಂಜಿಯವರು ಮಲಯಾಳದಲ್ಲಿ ಹೇಳಿದರು. ಹಲಗೆಯ ಮೇಲೆ ಸಾಲಾಗಿ ಚೀಲ ಹೊತ್ತು ಹೋಗುತ್ತಿದ್ದರು. ಒಂದು ಚೀಲದ ಬಾಯಿ ಸಡಿಲವಾಗಿತ್ತು. ಒಳಗೆ ಏನೆಂದು ನೋಡಿದೆ. ಮುಕ್ಕಾಲು ಇಂಚಿನ ಜಲ್ಲಿ. ಹವಳದ ದ್ವೀಪದಲ್ಲಿ ಕಲ್ಲು ಸಿಗುವುದಿಲ್ಲ, ಮನೆಯ ಕಾಂಕ್ರೀಟಿಗೆ ಬೇಕಾದ ಜಲ್ಲಿಯೂ ಚೀಲದಲ್ಲಿ ಕಡಲು ದಾಟಬೇಕು. ಒಂದು ಮನೆಗೆ ಎಷ್ಟು ಚೀಲ ಎಂದು ಕೇಳಿದೆ. ಅವರು ನಕ್ಕು, ಹೊತ್ತು ಹೋಗುವವರತ್ತ ಕೈ ತೋರಿಸಿ, ಎಣಿಸುತ್ತ ನಿಲ್ಲಿ ಎಂದರು. ನಾನು ಸಂಜೆಯವರೆಗೂ ನಿಂತು ಎಣಿಸಿದೆ. 340ರ ಹೊತ್ತಿಗೆ ಕತ್ತಲಾಯಿತು. ಹೊರುವವರು ಇನ್ನೂ ನಡೆಯುತ್ತಲೇ ಇದ್ದರು.